ತೋಟದ ಜೇಕು

ಕಿತ್ತಷ್ಟೂ ಗಡ್ಡೆಯಿಂದ ಮತ್ತೆ ಚಿಗುರಿ ಕನ್ನಡ ನಾಡಿನ ರೈತರನ್ನು ಹೈರಾಣಾಗಿಸುವ ಜೇಕು ಯಾವ ಕುಟುಂಬಕ್ಕೆ ಸೇರಿದೆಯೋ ಅದೇ ಸೈಪರೇಸಿ ಕುಟುಂಬದ ಕೆಲವು ಸಸ್ಯಗಳನ್ನು ಬ್ರಿಟನ್ನಿನ ತೋಟಗಾರರು ದುಡ್ಡು ಕೊಟ್ಟು ತಂದು ಅಕ್ಕರೆಯಿಂದ ಬೆಳೆಸುತ್ತಾರೆ. ಸುಮಾರು 2000 ಪ್ರಭೇದಗಳುಳ್ಳ ಕೇರೆಕ್ಸ್ ಜಾತಿಯ ಈ ಸಸ್ಯಗಳು ನೋಟಕ್ಕೆ ಹುಲ್ಲಿನಂತಿದ್ದರೂ ಹುಲ್ಲಲ್ಲ. ಹುಲ್ಲಿನ ಕಾಂಡ ದುಂಡಗಿದ್ದು ಗೆಣ್ಣುಗಳನ್ನು ಹೊಂದಿದ್ದರೆ, ಇವುಗಳ ಹೂವಿನ ದಂಟನ್ನು ಬೆರಳ ನಡುವೆ ಹೊರಳಿಸಿದಾಗ ಸಾಮಾನ್ಯವಾಗಿ ಮೂರು ಏಣುಗಳು ತಾಕುತ್ತವೆ.

ನಿತ್ಯಹಸಿರು ಕೇರೆಕ್ಸ್‌ಗಳಲ್ಲಿ ಎಲೆಗಳು ಒಮ್ಮೆಗೇ ಒಣಗದೆ ಒಂದೊಂದಾಗಿ ಹಳತಾಗಿ ಹೊಸ ಎಲೆಗಳ ನಡುವೆಯೇ ಉಳಿದುಬಿಡುವುದರಿಂದ, ಚಳಿಗಾಲದಲ್ಲಿ ಪೂರ್ತಿ ಒಣಗುವ ಅಲಂಕಾರದ ಹುಲ್ಲುಗಳನ್ನು ಬುಡಮಟ್ಟಕ್ಕೆ ಕತ್ತರಿಸುವ ರೂಢಿ ಇವುಗಳಿಗೆ ಒಗ್ಗುವುದಿಲ್ಲ. ಬೋಳಾದ ಪೊದೆ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ, ಕೆಲವೊಮ್ಮೆ ಚೇತರಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಇಲ್ಲಿ ಕತ್ತರಿಗಿಂತ ಕೈಯೇ ಮೇಲು: ಎಲೆಯಂಚು ಗರಗಸದಂತೆ ಕೊಯ್ಯುವುದರಿಂದ ಕೈಗವಸು ತೊಟ್ಟು, ವಸಂತದ ಆರಂಭದಲ್ಲಿ ಪೊದೆಯನ್ನು ಬುಡದಿಂದ ತುದಿಯವರೆಗೆ ಬೆರಳುಗಳಿಂದ ಬಾಚಿದರೆ, ಸತ್ತ ಎಲೆ ಸಲೀಸಾಗಿ ಕಳಚಿ ಬರುತ್ತದೆ, ಜೀವವಿರುವುದು ಬುಡವನ್ನು ಬಿಡದೆ ಹಿಡಿದುಕೊಳ್ಳುತ್ತದೆ.

ನ್ಯೂಜಿಲೆಂಡ್ ಮೂಲದ ಕೇರೆಕ್ಸ್ ಬ್ಯೂಕನಾನಿಯ ವಿಷಯದಲ್ಲಂತೂ ಕಣ್ಣನ್ನು ನಂಬುವಂತೆಯೇ ಇಲ್ಲ, ಏಕೆಂದರೆ ಅದರ ಆರೋಗ್ಯವಂತ ಎಲೆಯೇ ಕೆಂಗಂದು ಬಣ್ಣದ್ದು, ತುದಿಯಲ್ಲಿ ಸುರುಳಿ ಸುತ್ತಿಕೊಂಡದ್ದು. ಅದನ್ನು ಒಣಗಿದ ಗಿಡವೆಂದು ಯಾರಾದರೂ ಕಿತ್ತೆಸೆದರೆ ತಪ್ಪು ಪೂರ್ತಿ ಅವರದಲ್ಲ. ಅಲ್ಲಿಯದೇ ಆದ ಕೇರೆಕ್ಸ್ ಟೆಸ್ಟೇಸಿಯ ಬಿಸಿಲು ಹೆಚ್ಚಿದಷ್ಟೂ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಅದನ್ನು ನೆರಳಿಗೆ ನೂಕುವುದು ಅದರ ಸೊಗಸನ್ನೇ ಕಳೆದಂತೆ. ಇವೆರಡಕ್ಕೂ ಭಿನ್ನವಾಗಿ, ಜಪಾನಿನ ಹೊನ್‌ಶು ದ್ವೀಪದ ಕಾಡುಗಳಿಂದ ಬಂದ ಕೇರೆಕ್ಸ್ ಓಶಿಮೆನ್ಸಿಸ್‌ಗೆ ಅರೆನೆರಳು ಹಿತ. ಅದರ 'ಎವರ್‌ಗೋಲ್ಡ್' ತಳಿಯ ಎಲೆಗಳಲ್ಲಿ ಹಸಿರು ಅಂಚುಗಳ ನಡುವೆ ಹರಿಯುವ ಕೆನೆಹಳದಿ ಪಟ್ಟಿ ಮರದಡಿಯ ಮಬ್ಬಿನಲ್ಲೇ ಹೆಚ್ಚು ಎದ್ದುಕಾಣುತ್ತದೆ, ಒಣ ನೆಲದ ಉರಿಬಿಸಿಲಿನಲ್ಲಾದರೆ ಎಲೆಯ ತುದಿಗಳು ಸುಟ್ಟಂತಾಗುತ್ತವೆ.

ಪೊದೆ ದಟ್ಟವಾಗಿ ನಡುಭಾಗ ಬರಿದಾದಾಗ ಅದನ್ನು ಅಗೆದು, ಪ್ರತಿ ತುಂಡಿಗೂ ಬೇರು ಉಳಿಯುವಂತೆ ಸೀಳಿ, ಮೊದಲಿದ್ದ ಆಳದಲ್ಲೇ ಮತ್ತೆ ನೆಡಲಾಗುತ್ತದೆ. ವಸಂತವೇ ಇದಕ್ಕೆ ತಕ್ಕ ಕಾಲ; ಶರತ್ಕಾಲದಲ್ಲಿ ಸೀಳಿದ ತುಂಡುಗಳು, ಅದರಲ್ಲೂ ನ್ಯೂಜಿಲೆಂಡಿನವು, ಬೇರು ಹಿಡಿಯುವ ಮೊದಲೇ ಬ್ರಿಟನ್ನಿನ ಚಳಿಗಾಲದ ತಣ್ಣನೆಯ ಒದ್ದೆ ಮಣ್ಣಿಗೆ ಸಿಕ್ಕಿ ಕೊಳೆಯುತ್ತವೆ.