ವಯಸ್ಸಿಗೊಂದು ಸಾಕ್ಷಿ

ನನ್ನ ಸೋದರಮಾವನಿಗೆ ನಶ್ಯದ ಚಟ. ಅದನ್ನು ಒಳ್ಳೆಯ ಚಟವೆಂದು ನಾನು ಹೇಳಲಾರೆ. ಬಿಡಿ ಎಂದು ಹೇಳಿ ಹೇಳಿ ಮನೆಯವರೆಲ್ಲ ಎಂದೋ ಸೋತಿದ್ದಾರೆ. ತಮಿಳರೂ ಮಲಯಾಳಿಗಳೂ ಮೂಕ್ಕುಪ್ಪೊಡಿ ಎನ್ನುವ ಈ ಪದಾರ್ಥವನ್ನು ಮಾವ ರಾಯಕೋಟೆ ಬಸ್ ನಿಲ್ದಾಣದ ಬಳಿಯ ಒಂದು ಸಣ್ಣ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಟೊಮೆಟೊ ಬುಟ್ಟಿಗಳನ್ನು ಮಂಡಿಗೆ ಇಳಿಸಿ, ಒಂದು ಟೀ ಕುಡಿದು, ಬಾಳೆಪಟ್ಟೆಯಲ್ಲಿ ಸುತ್ತಿದ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬರುವುದು ಅವರ ಪದ್ಧತಿ. 2024ರ ಮಳೆಗಾಲದಲ್ಲಿ ಆ ಅಂಗಡಿಯ ಮುದುಕ ತೀರಿಕೊಂಡ. ಮಕ್ಕಳು ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟರು. ಮಾವನಿಗೆ ಬೇಕಾದ ಬಗೆಯ ನಶ್ಯ ಹೊಸೂರಿನಲ್ಲೂ ಸಿಗಲಿಲ್ಲ.

ಆಗ ಹತ್ತನೆಯ ತರಗತಿ ಓದುತ್ತಿದ್ದ ಮೊಮ್ಮಗಳು, "ತಾತ, ಫೋನಲ್ಲೇ ತರಿಸಬಹುದು" ಎಂದಳು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾದ್ದರಿಂದ ಇಂಥ ವ್ಯವಹಾರಗಳೆಲ್ಲ ನನಗೆ ಬರುತ್ತವೆಂದು ಮನೆಯವರ ನಂಬಿಕೆ. ಭಾನುವಾರ ಮಾವನ ಪಕ್ಕದಲ್ಲಿ ಕುಳಿತೆ. ನಶ್ಯ ಮಾರುವ ಒಂದು ಅಂಗಡಿ ಫೋನಿನಲ್ಲಿ ಸಿಕ್ಕಿತು. ಹೆಸರು, ವಿಳಾಸ ಕೇಳಿತು, ಕೊಟ್ಟೆ. ಹುಟ್ಟಿದ ದಿನ, ತಿಂಗಳು, ವರ್ಷ ಕೇಳಿತು. ಅದಕ್ಕೆ ಸಾಕ್ಷಿಯಾಗಿ ಗುರುತಿನ ಚೀಟಿಯ ಚಿತ್ರ ಕೇಳಿತು. ಮಾವನ ಆಧಾರ್ ಚೀಟಿಯಲ್ಲಿ ಇರುವುದು ಹುಟ್ಟಿದ ವರ್ಷ ಮಾತ್ರ, 1958 ಎಂದು. ದಿನವೂ ಇಲ್ಲ, ತಿಂಗಳೂ ಇಲ್ಲ. ಜನವರಿ ಒಂದೆಂದು ತುಂಬಿ ಕಳಿಸಿದೆ. ಚೀಟಿಗೂ ಅರ್ಜಿಗೂ ತಾಳೆಯಾಗಲಿಲ್ಲ. ಗ್ರಾಹಕರ ವಯಸ್ಸು ಹದಿನೆಂಟು ದಾಟಿದೆಯೆಂಬುದು ಖಚಿತವಾಗಿಲ್ಲ, ಆದ್ದರಿಂದ ಸರಕು ಕಳಿಸಲಾಗದು ಎಂದು ಉತ್ತರ ಬಂತು.

ಮಾವನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಅಳಿಯಾ, ನನಗಿನ್ನೂ ಹದಿನೆಂಟು ತುಂಬಿಲ್ವಂತಾ? ಹಂಗಾದ್ರೆ ನಿಮ್ಮತ್ತೆಗೆ ಹೇಳು, ಮದುವೆ ರದ್ದು" ಎಂದರು. ಅತ್ತೆ ಒಳಗಿನಿಂದಲೇ, "ಈಗ್ಲಾದ್ರೂ ಬುದ್ಧಿ ಬಂತಲ್ಲ" ಎಂದರು. ನಾವೆಲ್ಲ ನಕ್ಕೆವು. ಅಷ್ಟರಲ್ಲಿ ಮೊಮ್ಮಗಳು ಇನ್ನೊಂದು ಅಂಗಡಿಯನ್ನು ಹುಡುಕಿ ತೆಗೆದಿದ್ದಳು. "ಇಲ್ಲಿ ಚೀಟಿ ಏನೂ ಬೇಡ ತಾತ. ಹದಿನೆಂಟು ದಾಟಿದೆಯಾ ಅಂತ ಕೇಳುತ್ತೆ, ಹೌದು ಅಂತ ಒತ್ತಿದರೆ ಸಾಕು" ಎಂದು ಒತ್ತಿಯೂ ಬಿಟ್ಟಳು. ಹದಿನೈದರ ಹುಡುಗಿಗೆ ಬಾಗಿಲು ತೆರೆಯಿತು. ಅರವತ್ತೆಂಟು ನಡೆಯುತ್ತಿದ್ದವರು ಹೊರಗೇ ಉಳಿದರು. ಅವಳ ಕೈಯಿಂದ ಫೋನು ಕಿತ್ತುಕೊಂಡೆ. ಆದರೆ ನನ್ನ ನಗು ಅಲ್ಲಿಗೆ ನಿಂತಿತು.

ಕಾಯಿದೆಯ ಮೇಲೆ ನನಗೆ ಸಿಟ್ಟಿಲ್ಲ. 2003ರ ತಂಬಾಕು ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರಿಗೆ ತಂಬಾಕಿನ ಪದಾರ್ಥ ಮಾರಕೂಡದು. ನಶ್ಯವೂ ಆ ಪಟ್ಟಿಯಲ್ಲಿದೆ. ಕೊಳ್ಳುವವನು ಅಪ್ರಾಪ್ತನಲ್ಲವೆಂದು ತೋರಿಸಿಕೊಡುವ ಹೊಣೆ ಮಾರುವವನದು. ಬಸ್ ನಿಲ್ದಾಣದ ಮುದುಕ ಈ ಹೊಣೆಯನ್ನು ಸುಲಭವಾಗಿ ನಿಭಾಯಿಸುತ್ತಿದ್ದ. ಮುಖ ನೋಡುತ್ತಿದ್ದ, ಹುಡುಗರು ಬಂದರೆ ಗದರಿಸಿ ಅಟ್ಟುತ್ತಿದ್ದ. ಫೋನಿನ ಅಂಗಡಿಯವನಿಗೆ ಮುಖ ಕಾಣದು, ಆದ್ದರಿಂದ ಕಾಗದ ಕೇಳುತ್ತಾನೆ. 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ರಾಂಚಿಯಲ್ಲಿ ಮನೆಬಾಗಿಲಿಗೆ ಮದ್ಯ ತಲುಪಿಸಲು ಹೊರಟಾಗ ಗ್ರಾಹಕರು ಗುರುತಿನ ಚೀಟಿಯ ಜೊತೆಗೆ ತಮ್ಮ ಮುಖದ ಚಿತ್ರವನ್ನೂ ಕಳಿಸಬೇಕಾಗಿತ್ತು. ಈ ವಯಸ್ಸಿನ ಗೆರೆಯಾದರೂ ಎಲ್ಲ ಕಡೆ ಒಂದೇ ಅಲ್ಲ. ಮದ್ಯ ಕೊಳ್ಳಲು ನಮ್ಮ ತಮಿಳುನಾಡಿನಲ್ಲಿ 21 ತುಂಬಿರಬೇಕು. ಕೇರಳದಲ್ಲಿ 2017ರಲ್ಲಿ ಅದನ್ನು 21ರಿಂದ 23ಕ್ಕೆ ಏರಿಸಿದರು. ನಮ್ಮೂರಿನ ಇಪ್ಪತ್ತೆರಡರ ಯುವಕ ರೈಲು ಹತ್ತಿ ಕಾಸರಗೋಡಿನಲ್ಲಿ ಇಳಿದರೆ ಮತ್ತೆ ಹುಡುಗನಾಗುತ್ತಾನೆ. ಗಡಿ ಎಂಬುದು ಏನೆಲ್ಲ ಮಾಡಬಲ್ಲದೆಂದು ಈ ವಾರ್ಷಿಕದ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಮಾವನ ಚೀಟಿಯಲ್ಲಿ ಬರಿಯ ವರ್ಷ ಕುಳಿತದ್ದು ಹೇಗೆಂದು ಕೇಳಿದೆ. 2012ರಲ್ಲಿ ಊರಿನ ಕಲ್ಯಾಣ ಮಂಟಪದಲ್ಲಿ ಆಧಾರ್ ಬರೆಸಲು ಹೋದಾಗ ಕಂಪ್ಯೂಟರಿನ ಹುಡುಗ ಹುಟ್ಟಿದ ದಿನ ಕೇಳಿದನಂತೆ. "ದುರ್ಮುಖಿ ಸಂವತ್ಸರ, ದೀಪಾವಳಿ ಆದ ಮೂರನೇ ದಿನ" ಎಂದು ಮಾವ ಹೇಳಿದರಂತೆ. ದುರ್ಮುಖಿ ತಮಿಳರ ಅರವತ್ತು ವರ್ಷಗಳಲ್ಲೂ ಇದೆ. ಆದರೆ ಆ ಹುಡುಗನಿಗೆ ಅದರ ಗುರುತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವನು ಮಾವನ ಮುಖ ನೋಡಿ "ಐವತ್ತನಾಲ್ಕು ಅಂತ ಹಾಕಲಾ ಅಯ್ಯಾ?" ಎಂದ. ಇವರು "ಹಾಕಪ್ಪಾ" ಎಂದರು. ಯಂತ್ರ 1958 ಎಂದು ಲೆಕ್ಕ ಹಾಕಿತು.

ಮಾವನ ಲೆಕ್ಕವನ್ನು ಬಿಡಿಸಿ ನೋಡಿದೆ. ಅದು 1956ರ ನವೆಂಬರ್ ಮೊದಲ ವಾರಕ್ಕೆ ಬಂದು ನಿಲ್ಲುತ್ತದೆ. ಮಲಯಾಳಿಗಳ ಲೆಕ್ಕದಲ್ಲಿ ಕೊಲ್ಲವರ್ಷ 1132ರ ತುಲಾಂ ತಿಂಗಳು. ಅದೇ ತಿಂಗಳ ಒಂದನೆಯ ತಾರೀಖು ಕಾಸರಗೋಡು ಕೇರಳಕ್ಕೆ ಸೇರಿತು, ನಮ್ಮ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಆ ದಿನ ಎರಡು ಕಡೆಯ ಕನ್ನಡಿಗರ ಭಾಗಕ್ಕೂ ಬೇರೆಯ ಭಾಷೆಯ ಕಚೇರಿಗಳು ಬಂದವು. ನಾಡು ಹಂಚಿದ ದಿನಕ್ಕೆ ಗೆಜೆಟಿನಲ್ಲಿ ತಾರೀಖಿದೆ. ನಮ್ಮ ಬೆಟ್ಟದ ಮೇಲಿನ ಕೋಟೆ ಮೈಸೂರಿನ ಕೈತಪ್ಪಿ ಇಂಗ್ಲಿಷರ ವಶವಾದದ್ದು 1791ರಲ್ಲಿ ಎಂಬುದಕ್ಕೂ ಪುಸ್ತಕಗಳಲ್ಲಿ ದಾಖಲೆಯಿದೆ. ಕೋಟೆಯ ಬುಡದಲ್ಲಿ ಹುಟ್ಟಿದ ಮನುಷ್ಯನ ದಿನ ಮಾತ್ರ ಅವನ ತಾಯಿಯ ಬಾಯಲ್ಲಿತ್ತು, ಅವಳೊಂದಿಗೆ ಹೋಯಿತು.

ನಶ್ಯದ ಮಾತು ಹಾಗಿರಲಿ, ಆಧಾರನ್ನಾದರೂ ಸರಿಮಾಡಿಸೋಣವೆಂದು ಹೊರಟೆವು. ಹುಟ್ಟು ಸಾವುಗಳನ್ನು ದೇಶದಲ್ಲೆಲ್ಲ ಒಂದೇ ಬಗೆಯಲ್ಲಿ ಕಡ್ಡಾಯವಾಗಿ ಬರೆಸಬೇಕೆಂಬ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಅಧಿಕಾರಿಗಳು ಬರೆದರೆ ಉಂಟು, ಬಿಟ್ಟರೆ ಇಲ್ಲ. ವಂಶಪಾರಂಪರ್ಯದ ಆ ಹುದ್ದೆಗಳನ್ನು 1980ರಲ್ಲಿ ಎಂ.ಜಿ.ಆರ್. ಸರಕಾರ ತೆಗೆದುಹಾಕಿತು. ನಾವು ಹೋದ ಕಚೇರಿಯಲ್ಲಿ 1956ರ ಪುಸ್ತಕ ಇಲ್ಲವೆಂದು ಹೇಳಿ ಕಳಿಸಿದರು.

ಉಳಿದದ್ದು ಶಾಲೆ. ಮಾವ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದವರು. ಮುಖ್ಯೋಪಾಧ್ಯಾಯಿನಿ ಬೀರುವಿನಿಂದ ಹಳೆಯ ಪ್ರವೇಶ ಪುಸ್ತಕ ತೆಗೆಸಿ, ದೂಳು ಕೊಡವಿ ನಮ್ಮ ಮುಂದಿಟ್ಟರು. ನೀಲಿ ಮಸಿಯ ಗುಂಡು ಅಕ್ಷರ. ಮಾವನ ಹೆಸರು ಸಿಕ್ಕಿತು. ಹುಟ್ಟಿದ ತಾರೀಖು 1-6-1957. ಆ ಪುಟದಲ್ಲಿ ಹದಿನೆಂಟು ಮಕ್ಕಳು. ಹನ್ನೊಂದು ಮಂದಿ ಹುಟ್ಟಿದ್ದು ಜೂನ್ ಒಂದರಂದೇ! ಶಾಲೆ ತೆರೆಯುವ ಹೊತ್ತಿಗೆ ಐದು ತುಂಬಿರಬೇಕೆಂದು ಮೇಷ್ಟರು ಎಲ್ಲರಿಗೂ ಅದೇ ದಿನ ಕೊಟ್ಟಿದ್ದರು. ಕೆಲವರಿಗೆ ಏರಿಸಿ, ಕೆಲವರಿಗೆ ಇಳಿಸಿ, ಮಕ್ಕಳನ್ನು ಒಳಗೆ ಕೂರಿಸಿಕೊಂಡಿದ್ದರು.

ಮಾವ ಆ ಪುಟವನ್ನು ಬಹಳ ಹೊತ್ತು ನೋಡಿದರು. ಹನ್ನೊಂದರಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಜನ ಇಲ್ಲವೆಂದು ಬೆರಳಿಟ್ಟು ಎಣಿಸಿದರು. "ಸುಳ್ಳಾದ್ರೂ ನಮ್ಮ ಮೇಷ್ಟ್ರ ಕೈಬರಹದ ಸುಳ್ಳು. ಇದೇ ಇರಲಿ ಬಿಡು" ಎಂದರು. ಹೀಗೆ ಅವರಿಗೆ ಮೂರು ವಯಸ್ಸಾಯಿತು. ತಾಯಿ ಹೇಳಿದ್ದೊಂದು, ಮೇಷ್ಟರು ಬರೆದದ್ದೊಂದು, ಯಂತ್ರ ಎಣಿಸಿದ್ದೊಂದು.

ಶಾಲೆಯಿಂದ ಪಡೆದ ಪ್ರತಿ ಕನ್ನಡದಲ್ಲಿತ್ತು. ಮುಂದಿನ ಮೇಜಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಸಿ ತನ್ನಿ ಎಂದರು. ಬರೆದುಕೊಡಲು ನನಗೆ ಬರುತ್ತದೆ, ಆದರೆ ಅಳಿಯ ಬರೆದದ್ದು ಸಾಕ್ಷಿಯಾಗುವುದಿಲ್ಲ. ಹೊಸೂರಿಗೆ ಹೋಗಿ ನೋಟರಿಯಿಂದ ಮುದ್ರೆ ಹಾಕಿಸಿಕೊಂಡು ಬಂದೆವು. ಅಲ್ಲಿಗೆ ಎರಡು ದಿನದ ರಜೆ ಮುಗಿದಿತ್ತು.

ಇದು ನಮ್ಮಂಥ ಬಡಪಾಯಿಗಳ ಪಾಡು ಮಾತ್ರವೆಂದು ತಿಳಿಯಬೇಡಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಹುಟ್ಟಿದ ವರ್ಷ ಒಂದು ದಾಖಲೆಯಲ್ಲಿ 1950, ಇನ್ನೊಂದರಲ್ಲಿ 1951 ಎಂದಿತ್ತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2012ರ ಫೆಬ್ರವರಿಯಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆದು, ಆ ವರ್ಷದ ಮೇ ಕೊನೆಗೆ ನಿವೃತ್ತರಾದರು. ಇನ್ನು ಆಧಾರ್ ಹುಟ್ಟಿದ ದಿನಕ್ಕೆ ಸಾಕ್ಷಿಯಲ್ಲ ಎಂದು ಅದನ್ನು ಕೊಡುವ ಪ್ರಾಧಿಕಾರವೇ 2023ರ ಡಿಸೆಂಬರಿನಲ್ಲಿ ತಿಳಿಸಿತು. 2024ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ರಸ್ತೆ ಅಪಘಾತದ ಒಂದು ಮೊಕದ್ದಮೆಯಲ್ಲಿ, ಸತ್ತವನ ವಯಸ್ಸಿಗೆ ಆಧಾರನ್ನು ಬಿಟ್ಟು ಶಾಲೆಯ ಪ್ರಮಾಣಪತ್ರವನ್ನೇ ಹಿಡಿಯಿತು. 2015ರ ಬಾಲನ್ಯಾಯ ಕಾಯಿದೆಯಲ್ಲೂ ವಯಸ್ಸಿನ ತೀರ್ಮಾನಕ್ಕೆ ಮೊದಲು ನೋಡುವುದು ಶಾಲೆಯ ದಾಖಲೆ, ಆಮೇಲೆ ಪಂಚಾಯತಿ ಅಥವಾ ಪುರಸಭೆಯ ಜನನ ಪತ್ರ, ಎರಡೂ ಇಲ್ಲವಾದರೆ ಮೂಳೆಯ ಪರೀಕ್ಷೆ. ಇದನ್ನು ಹೇಳಿದಾಗ ಮಾವ, "ನನ್ನ ಮೂಳೆ ಕೇಳಿದ್ರೆ ನೂರು ಅನ್ನುತ್ತೆ" ಎಂದರು.

ಇಷ್ಟು ಓಡಾಟ ಮುಗಿದ ಮೇಲೆ, ರಾತ್ರಿ ಮಲಗಿದಾಗ, ಒಬ್ಬ ಹೆಂಗಸಿನ ನೆನಪು ಬಂತು. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯಲ್ಲ. ಅದೇ ವರ್ಷದ ಮೊದಲಲ್ಲಿ ಕೆಲಮಂಗಲದ ಕಡೆಯ ಹಳ್ಳಿಯಿಂದ ಬಂದಿದ್ದಳು. ಹೊಸ ರಸ್ತೆಗೆ ಹೊಲ ಹೋಗಿ ಪರಿಹಾರ ಸಿಕ್ಕಿತ್ತು. ಅದರಲ್ಲಿ ಎರಡು ಲಕ್ಷ ರೂಪಾಯಿ ಠೇವಣಿ ಇಡಬೇಕಾಗಿತ್ತು. ಅರವತ್ತು ದಾಟಿದವರಿಗೆ ಅರ್ಧ ಶೇಕಡಾ ಬಡ್ಡಿ ಹೆಚ್ಚೆಂದು ಯಾರೋ ಹೇಳಿದ್ದರು. ಎರಡು ಲಕ್ಷಕ್ಕೆ ಅದು ವರ್ಷಕ್ಕೆ ಸಾವಿರ ರೂಪಾಯಿ. ಅವಳ ಚೀಟಿಯಲ್ಲಿ 1967 ಎಂದಿತ್ತು. "ಐವತ್ತೇಳೇ ಆಗೋದಮ್ಮ, ಬರೋದಿಲ್ಲ" ಎಂದೆ. ಅವಳು ಪಕ್ಕದಲ್ಲಿದ್ದ ಮಗನ ತೋಳು ಹಿಡಿದು, "ಇವನಿಗೆ ನಲವತ್ತೈದು ಸ್ವಾಮಿ. ಹಂಗಾದ್ರೆ ನಾನು ಹನ್ನೆರಡಕ್ಕೇ ಹೆತ್ತೆನಾ?" ಎಂದಳು. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. "ಕಂಪ್ಯೂಟರ್ ಒಪ್ಪೋದಿಲ್ಲಮ್ಮ" ಎಂದು ಹೇಳಿ ಮುಂದಿನವರನ್ನು ಕರೆದೆ. ಫೋನಿನ ಅಂಗಡಿ ಮಾವನಿಗೆ ಹೇಳಿದ್ದೂ ಅಷ್ಟೇ ಅಲ್ಲವೆ?

ದೀಪಾವಳಿ ಕಳೆದ ಮೇಲೆ ಅವಳು ಮತ್ತೆ ಬಂದಳು, ಬಡ್ಡಿ ತೆಗೆಯಲು. ನಾನೇ ಕರೆದು ಕೂರಿಸಿದೆ. ಯಾವ ಶಾಲೆಯಲ್ಲಿ ಓದಿದ್ದೆಯಮ್ಮ ಎಂದು ಕೇಳಿದೆ. ಮಾವನಿಗೆ ಸಿಕ್ಕಿದ ದಾರಿ ಇವಳಿಗೂ ಸಿಕ್ಕೀತೆಂಬ ಆಸೆ. "ಶಾಲೆ ಬಾಗಿಲು ನೋಡಿಲ್ಲ ಸ್ವಾಮಿ, ದನ ಕಾಯ್ತಿದ್ದೆ" ಎಂದಳು. ಸುಪ್ರೀಂ ಕೋರ್ಟು ಹಿಡಿದ ಶಾಲೆಯ ಕಾಗದ ಅವಳ ಪಾಲಿಗೆ ಇಲ್ಲ. ಜೂನ್ ಒಂದರ ಸುಳ್ಳನ್ನಾದರೂ ಬರೆದುಕೊಡಲು ಅವಳಿಗೊಬ್ಬ ಮೇಷ್ಟರಿರಲಿಲ್ಲ. 2023ರ ಅಕ್ಟೋಬರ್ ಒಂದರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಮದುವೆ ಬರೆಸಲು, ಎಲ್ಲಕ್ಕೂ ಜನನ ಪತ್ರವೇ ಸಾಕ್ಷಿಯೆಂದು ಹೊಸ ಕಾಯಿದೆಯಾಗಿದೆ. ಆ ಮಕ್ಕಳು ಈ ಕಷ್ಟ ಪಡಲಾರರು. ನಡುವೆ ಇರುವವರ ಗತಿಯೇನು?

ಮನೆಯಲ್ಲಿರುವ ಹಳೆಯ ಕಾಗದಗಳನ್ನೆಲ್ಲ ತರಲು ಹೇಳಿದೆ. ಮುಂದಿನ ವಾರ ಒಂದು ಬಟ್ಟೆಯ ಗಂಟು ತಂದಳು. ಕಂದಾಯದ ರಸೀದಿ, ಮಗನ ಮದುವೆಯ ಲಗ್ನಪತ್ರಿಕೆ, ರೇಷನ್ ಚೀಟಿ, ಅವುಗಳ ನಡುವೆ ಮಾಸಿದ ಕಪ್ಪುಬಿಳುಪು ಚಿತ್ರದ ಒಂದು ಮತದಾರರ ಚೀಟಿ. ಶೇಷನ್ ಅವರು ಚುನಾವಣಾ ಆಯುಕ್ತರಾಗಿದ್ದಾಗ 1993ರಲ್ಲಿ ಆಜ್ಞೆ ಮಾಡಿ ಹೊರಡಿಸಿದ ಬಗೆಯದು. ಅದರಲ್ಲಿ, 1-1-1995ಕ್ಕೆ ವಯಸ್ಸು 33 ಎಂದಿತ್ತು. ಅಂದರೆ ಅರವತ್ತೆರಡು ದಾಟಿದೆ. ಮಗನನ್ನು ಹೆತ್ತದ್ದು ಹನ್ನೆರಡಕ್ಕಲ್ಲ, ಹದಿನೇಳಕ್ಕೆ.

ಅದರ ಪ್ರತಿಯನ್ನು ಲಗತ್ತಿಸಿ ಒಂದು ಟಿಪ್ಪಣಿ ಬರೆದೆ. ಮ್ಯಾನೇಜರು ಓದಿ, ಸಹಿ ಹಾಕಿ ಮೇಲಿನ ಕಚೇರಿಗೆ ಕಳಿಸಿದರು. ಎರಡು ದಾಖಲೆಗಳಲ್ಲಿ ವ್ಯತ್ಯಾಸವಿದೆ, ವಿವರಣೆ ಕೊಡಿ ಎಂದು ಅಲ್ಲಿಂದ ಪತ್ರ ಬಂತು. ವಿವರಣೆ ಕೊಟ್ಟಿದ್ದೇವೆ. ಅದಕ್ಕೆ ಉತ್ತರ ಬರಬೇಕು.

ಮಾವನಿಗೆ ಆಧಾರಿನ ಉತ್ತರವೂ ಇನ್ನೂ ಬಂದಿಲ್ಲ. ನಶ್ಯವನ್ನೇನೋ ಬೆಂಗಳೂರಿಗೆ ಟೊಮೆಟೊ ಲಾರಿಯಲ್ಲಿ ಹೋಗುವ ಹುಡುಗ ತಂದುಕೊಡುತ್ತಾನೆ. ಅಲ್ಲಿ ಅವನ ವಯಸ್ಸನ್ನು ಯಾರೂ ಕೇಳಿಲ್ಲವಂತೆ. ಆ ಹೆಂಗಸು ಬ್ಯಾಂಕಿಗೆ ಬಂದಾಗಲೆಲ್ಲ ಸಾಲಿನಲ್ಲಿ ನಿಲ್ಲದೆ ನೇರ ನನ್ನ ಕಿಟಕಿಗೆ ಬರುತ್ತಾಳೆ. ಬಡ್ಡಿಯ ಮಾತು ಎತ್ತುವುದಿಲ್ಲ.

"ನನ್ನ ವಯಸ್ಸು ಬಂತಾ ಸ್ವಾಮಿ?" ಎಂದು ಕೇಳುತ್ತಾಳೆ.

"ಇನ್ನೂ ಇಲ್ಲಮ್ಮ" ಎನ್ನುತ್ತೇನೆ.