ಅತ್ತೆ ಬಂದಾಗ ಕಂಡ ಊರು

ಹಿತ್ತಲ ಗಿಡ ಮದ್ದಲ್ಲವೆಂಬುದು ಹಳೆಯ ಗಾದೆ. ಹಿತ್ತಲ ಬೆಟ್ಟ ಬೆಟ್ಟವಲ್ಲವೆಂಬುದು ಚಿಕ್ಕಮಗಳೂರಿನವರ ಅನುಭವ. ಸುಮಾರು 1930 ಮೀಟರುಗಳಷ್ಟು ಎತ್ತರವಿರುವ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಊರಿನವರಿಗೆ ಅದು ದಿನನಿತ್ಯದ ನೋಟ. ಆದುದರಿಂದಲೇ ಅದನ್ನು ಹತ್ತಬೇಕೆಂಬ ಅವಸರ ಯಾರಿಗೂ ಇಲ್ಲ. ಮಹಡಿಯಲ್ಲಿ ಬಟ್ಟೆ ಒಣಹಾಕುವ ಗೃಹಿಣಿಗೆ ಗಿರಿಯ ನೆತ್ತಿಯ ಮೋಡ ಮಳೆಯ ಮುನ್ಸೂಚನೆ, ಅಷ್ಟೆ. ಅದು ಶಿಖರವಾಗಿ ಕಾಣಬೇಕಾದರೆ ಮನೆಗೆ ನೆಂಟರು ಬರಬೇಕು.

ಒಂದು ಡಿಸೆಂಬರಿನ ಕೊನೆಯ ವಾರ ಇಲ್ಲಿಯ ಒಂದು ಮನೆಗೆ ಹಾಗೆ ನೆಂಟರು ಬಂದರು. ಮನೆಯ ಯಜಮಾನರು ಬ್ಯಾಂಕಿನ ಉದ್ಯೋಗಿ. ಮೂಡಿಗೆರೆಯ ಕಡೆ ಅಣ್ಣನೊಡನೆ ಜಂಟಿಯಾಗಿ ಪಿತ್ರಾರ್ಜಿತವಾದ ಸಣ್ಣದೊಂದು ಕಾಫಿ ತೋಟವೂ ಉಂಟು. ಬಂದವರು ಪುಣೆಯಲ್ಲಿ ನೆಲೆಸಿರುವ ಎಪ್ಪತ್ತೆರಡು ವರ್ಷದ ಸೋದರತ್ತೆ ಮತ್ತು ಅವರ ಇಬ್ಬರು ಮೊಮ್ಮಕ್ಕಳು. ಅತ್ತೆ ಹುಟ್ಟಿ ಬೆಳೆದದ್ದು ಆ ತೋಟದ ಮನೆಯಲ್ಲಿಯೇ. ಮದುವೆಯಾಗಿ ಹೋದ ಮೇಲೆ ಬಂದದ್ದೆಲ್ಲ ಶುಭಕಾರ್ಯಕ್ಕೋ ತಿಥಿಗೋ, ಎರಡು ದಿನಗಳ ಮಟ್ಟಿಗೆ.

“ಈ ಸಲ ಊರು ತೋರಿಸು ಮಾರಾಯ. ಊರವಳೆನ್ನುವುದೇ ಆಯಿತು, ಏನೂ ನೋಡಿದವಳಲ್ಲ” ಎಂದರು ಅತ್ತೆ. ನೋಡಿದವರು ತಾವೂ ಅಲ್ಲವೆಂದು ಹೇಳಿಕೊಳ್ಳಲು ಯಜಮಾನರಿಗೆ ಸಂಕೋಚವಾಯಿತು.

ಮೊದಲನೆಯ ದಿನ ಮುಳ್ಳಯ್ಯನಗಿರಿ. ಕಾಲೇಜಿನ ದಿನಗಳಲ್ಲಿ ಒಮ್ಮೆ ಹತ್ತಿದ ಯಜಮಾನರು ಅರ್ಧ ಮೆಟ್ಟಿಲಿಗೇ ಏದುಸಿರು ಬಿಡುತ್ತ ಕುಳಿತರು. ಮೇಲೆ ಮುಳ್ಳಪ್ಪಸ್ವಾಮಿಯ ಗದ್ದುಗೆಯ ಬಳಿ ನಿಂತು, ದೂರದ ಬಾಬಾಬುಡನ್‌ಗಿರಿಯ ಕಡೆ ಕೈತೋರಿಸಿ, ಹದಿನೇಳನೆಯ ಶತಮಾನದಲ್ಲಿ ಸಂತನೊಬ್ಬನು ಯಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ಅಡಗಿಸಿ ತಂದನೆಂಬ ಐತಿಹ್ಯವನ್ನು ವಿವರಿಸಿದವಳು ಮೊಮ್ಮಗಳು. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವ ಯಜಮಾನರು ಮೌನವಾಗಿ ಕೇಳಿದರು.

ಎರಡನೆಯ ದಿನ ಹಿರೇಮಗಳೂರು. ಈಗ ಅದು ಪಟ್ಟಣಕ್ಕೆ ಸೇರಿಹೋದಂತೆಯೇ ಇದೆ. ಅಲ್ಲಿಯ ಕೋದಂಡರಾಮ ದೇವಾಲಯದಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಸೀತೆ ರಾಮನ ಬಲಗಡೆ, ಲಕ್ಷ್ಮಣ ಎಡಗಡೆ ನಿಂತಿರುವುದು ಇಲ್ಲಿಯ ವಿಶೇಷ. ಪರಶುರಾಮನು ಕೋರಿದಂತೆ ರಾಮನು ಇಲ್ಲಿ ತನ್ನ ಕಲ್ಯಾಣದ ದರ್ಶನ ನೀಡಿದನೆಂದೂ, ಮದುವಣಗಿತ್ತಿಯಾದುದರಿಂದ ಸೀತೆ ಬಲಗಡೆ ಇರುವಳೆಂದೂ ಸ್ಥಳಪುರಾಣ.

ಹೊರಗೆ ಬಂದು ಕುಳಿತಾಗ ಮೊಮ್ಮಗ ಊರಿನ ಹೆಸರಿನ ಅರ್ಥ ಕೇಳಿದ. ಸಖರಾಯಪಟ್ಟಣದ ರುಕ್ಮಾಂಗದನೆಂಬ ಅರಸನು ಹಿರಿಯ ಮಗಳಿಗೆ ಹಿರೇಮಗಳೂರನ್ನೂ ಕಿರಿಯಳಿಗೆ ಚಿಕ್ಕಮಗಳೂರನ್ನೂ ಬಳುವಳಿಯಾಗಿ ಕೊಟ್ಟನೆಂಬ ಕಥೆಯನ್ನು ಯಜಮಾನರು ಉತ್ಸಾಹದಿಂದ ಹೇಳಿದರು. ಗೊತ್ತಿದ್ದ ಕಥೆ ಅದೊಂದೇ.

ಅತ್ತೆ ನಕ್ಕರು. “ಹಿರಿಯ ಮಗಳಿಗೊಂದು, ಕಿರಿಯ ಮಗಳಿಗೊಂದು. ರಾಜನ ತಂಗಿಗೆ ಏನು ಕೊಟ್ಟರಂತೆ?”

ಮಕ್ಕಳೂ ನಕ್ಕರು. ಯಜಮಾನರು ಮಾತ್ರ ಕಾರಿನ ಕೀಲಿಕೈ ಹುಡುಕತೊಡಗಿದರು.

ಮಾರನೆಯ ದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮಕ್ಕೆ ಹೋದರು. ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಈ ಗ್ರಾಮದಲ್ಲಿ ವಾಸಂತಿಕಾ ದೇವಿಯ ಗುಡಿಯೂ ಪ್ರಾಚೀನ ಜೈನ ಬಸದಿಗಳೂ ಇವೆ. ಸಳನು ಹುಲಿಯನ್ನು ಕೊಂದನೆಂಬ ಕಥೆ ಹುಟ್ಟಿದ್ದು ಇಲ್ಲಿಯೇ. ಶಾಸನಗಳಲ್ಲಿ ಇದರ ಹೆಸರು ಸೊಸೆವೂರು. “ಮಗಳ ಊರಿನಿಂದ ಹೊರಟು ಸೊಸೆಯ ಊರಿಗೆ ಬಂದೆವು. ಹೆಂಗಸಿನ ದಾರಿಯೇ ಇದು” ಎಂದು ಅತ್ತೆ ಮತ್ತೆ ನಗಿಸಿದರು.

ಅಲ್ಲಿಂದ ತೋಟ. ಅರೇಬಿಕಾ ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹರಡಿತ್ತು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳ ನಡುವೆ ಅತ್ತೆ ಯಾರ ಕೈಯನ್ನೂ ಹಿಡಿಯದೆ ನಡೆದರು. ಹಳ್ಳಕ್ಕೆ ಇಳಿಯುವ ಕಾಲುದಾರಿ ಎಲ್ಲಿ ತಿರುಗುತ್ತದೆ, ಯಾವ ಅತ್ತಿಮರದ ಕೆಳಗೆ ಕೊಯ್ಲಿನವರು ಬುತ್ತಿ ಬಿಚ್ಚುತ್ತಿದ್ದರು, ಏಪ್ರಿಲಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಮೊದಲು ಬೆಳ್ಳಗಾಗುತ್ತಿದ್ದ ಅಂಚು ಯಾವುದು, ಎಲ್ಲವೂ ಅವರಿಗೆ ಕಣ್ಣಿಗೆ ಕಟ್ಟಿದಂತಿತ್ತು. ಯಜಮಾನರಿಗೆ ತೋಟವೆಂದರೆ ಮೂಟೆಗಳ ಲೆಕ್ಕ, ಆಳುಗಳ ಬಟವಾಡೆ, ಪೇಟೆಯ ಧಾರಣೆ. ಅಂದು ತಮ್ಮ ತೋಟದಲ್ಲಿ ಪ್ರವಾಸಿಯಾದವರು ಅವರೇ.

ಕೊನೆಯ ದಿನ ಕೊಟ್ಟಿಗೆಹಾರದ ಮಾರ್ಗವಾಗಿ ಕಳಸ. ಭದ್ರಾ ನದಿಯ ತೀರದ ಈ ಊರಿನ ಕಳಸೇಶ್ವರನಿಗೆ ಗಿರಿಜಾ ಕಲ್ಯಾಣವೇ ದೊಡ್ಡ ಉತ್ಸವ. ಶಿವನ ಮದುವೆಗೆಂದು ಲೋಕವೆಲ್ಲ ಉತ್ತರಕ್ಕೆ ಹೋಗಲು ಭೂಮಿ ಆ ಕಡೆಗೆ ವಾಲಿತಂತೆ. ಸಮತೂಕಕ್ಕಾಗಿ ಅಗಸ್ತ್ಯರನ್ನು ದಕ್ಷಿಣಕ್ಕೆ ಕಳುಹಿಸಿದರಂತೆ. ಮುನಿಗಳು ದಿವ್ಯದೃಷ್ಟಿಯಿಂದ ಮದುವೆಯನ್ನು ಕಂಡು ತೃಪ್ತರಾದರೆಂದು ಸ್ಥಳಪುರಾಣ ಹೇಳುತ್ತದೆ.

ದೇವಾಲಯದ ಮೆಟ್ಟಿಲ ಮೇಲೆ ಕುಳಿತು ಅತ್ತೆ ಮೆಲ್ಲಗೆ ಹೇಳಿದರು: “ಪುಣೆಯ ಮೂರನೆಯ ಮಹಡಿಯಲ್ಲಿ ಕೂತು ನಾನೂ ತೋಟವನ್ನು ಹೀಗೆಯೇ ನೋಡುತ್ತಿದ್ದೆ ಕಣೋ. ದಿವ್ಯದೃಷ್ಟಿ ಮುನಿಗಳಿಗೆ ಮಾತ್ರವೇ ಏನು?” ಈ ಸಲ ಯಾರೂ ನಗಲಿಲ್ಲ.

ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಮರುದಿನ ಆ ನಿಲ್ದಾಣದಲ್ಲಿ ಯಜಮಾನರ ಪತ್ನಿ ಅತ್ತೆಯ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ ಹಾಕಿ, ಎರಡು ಕಿಲೋ ಕಾಫಿ ಪುಡಿಯನ್ನೂ ಇಟ್ಟರು. “ಇಷ್ಟೆಲ್ಲ ಯಾಕಮ್ಮ?” ಎನ್ನುತ್ತಲೇ ಅತ್ತೆ ಪೊಟ್ಟಣವನ್ನು ಮೂಗಿನ ಬಳಿ ಹಿಡಿದು, ಕ್ಷಣಕಾಲ ಕಣ್ಣು ಮುಚ್ಚಿದರು. ಗಾಡಿ ಕಡೂರಿನತ್ತ ಹೊರಟಿತು.

ಸಂಜೆ ಯಜಮಾನರು ಮಹಡಿಗೆ ಹೋದರು. ಗಿರಿಯ ನೆತ್ತಿಯಲ್ಲಿ ಮೋಡವಿರಲಿಲ್ಲ. ಬಹಳ ಹೊತ್ತು ನಿಂತು ನೋಡಿ, ಕೆಳಗಿಳಿದು ಬಂದು ಅಣ್ಣನಿಗೆ ದೂರವಾಣಿ ಮಾಡಿದರು.

“ಅಣ್ಣಾ, ತೋಟದ ಕಾಗದಪತ್ರಗಳು ನಿನ್ನ ಬಳಿಯೇ ಇವೆಯಷ್ಟೆ? ಭಾನುವಾರ ಬರುತ್ತೇನೆ. ಅತ್ತೆಯ ವಿಷಯ ಸ್ವಲ್ಪ ಮಾತಾಡಬೇಕು.”