ಕಳೆ ಯಾವುದು, ಬೆಳೆ ಯಾವುದು



ಈ ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಹಾಸ್ಟೆಲಿನ ಬೆಳಗಿನ ಪ್ರಾರ್ಥನೆ, ಊಟದ ಗಂಟೆ, ಅಂಗಳದ ಬೇವಿನ ಮರ ಇವುಗಳ ವಿಷಯವಾಗಿ ಬರೆಯೋಣವೆಂದು ಮೊದಲು ಎಣಿಸಿದ್ದೆವು. ಆದರೆ ಅಂಥ ನೆನಪುಗಳನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಹಲವರಿದ್ದಾರೆ. ಆದಕಾರಣ ಈ ಸಂಚಿಕೆಯ ಕೆಲಸದಲ್ಲಿಯೇ ನಮ್ಮ ಕೈಯಿಂದ ನಡೆದ ಒಂದು ತಪ್ಪನ್ನೂ ಅದರಿಂದ ನಾವು ಕಲಿತುದನ್ನೂ ಮುಚ್ಚುಮರೆಯಿಲ್ಲದೆ ಅರಿಕೆ ಮಾಡುತ್ತೇವೆ. ಇದು ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಾವು ನಾಲ್ವರು ಹಳೆಯ ವಿದ್ಯಾರ್ಥಿನಿಯರು. ಒಬ್ಬರು ಹೊಸಪೇಟೆಯವರು, ಒಬ್ಬರು ಹಂಪಿಯವರು, ಒಬ್ಬರು ಸಂಡೂರಿನವರು, ಒಬ್ಬರು ಕಂಪ್ಲಿಯವರು. ಶಾಲೆಯ ಹಳೆಯ ಗಣಕಯಂತ್ರವನ್ನು ಹೊಸಪೇಟೆಯ ಅಕ್ಕನವರ ನಡುಮನೆಯಲ್ಲಿ ತಂದಿರಿಸಿಕೊಂಡು, ಸಂಚಿಕೆಗಾಗಿ ಬಂದ ಕಾಗದಪತ್ರಗಳನ್ನು ಅಣಿಗೊಳಿಸಲು ಕುಳಿತೆವು. ಯಂತ್ರವನ್ನು ಹಚ್ಚಿ, ಒಳಗೆ ಹೋಗಿ ಕಾಫಿ ಮಾಡಿ ಕುಡಿದು ಬಂದರೂ ಅದು ಇನ್ನೂ ಕಣ್ಣು ತೆರೆದಿರಲಿಲ್ಲ. ತೆರೆದ ಮೇಲೆ ಒಂದು ಮೂಲೆಯಿಂದ ರಕ್ಷಣೆಯ ಅವಧಿ ಮುಗಿದಿದೆ, ಹಣ ಕಟ್ಟಿರಿ ಎಂಬ ಎಚ್ಚರಿಕೆ. ಮತ್ತೊಂದು ಮೂಲೆಯಿಂದ ಯಂತ್ರವನ್ನು ಚುರುಕುಗೊಳಿಸುತ್ತೇವೆಂಬ ಆಮಿಷ. ಇಂತಿರಲು, ಮೊದಲು ಯಂತ್ರದ ಕಸವನ್ನು ಗುಡಿಸಿ ಅನಂತರ ಕೆಲಸಕ್ಕೆ ತೊಡಗೋಣವೆಂದು ನಾಲ್ವರೂ ಒಮ್ಮತಕ್ಕೆ ಬಂದೆವು.

ವಿಂಡೋಸ್ ಯಂತ್ರದಲ್ಲಿ ಸೆಟ್ಟಿಂಗ್ಸ್ ಎಂಬುದನ್ನು ತೆರೆದು ಆ್ಯಪ್ಸ್ ಎಂಬಲ್ಲಿಗೆ ಹೋದರೆ, ಅದರಲ್ಲಿ ನೆಲೆಸಿರುವ ಪ್ರೋಗ್ರಾಮುಗಳೆಲ್ಲದರ ಪಟ್ಟಿ ಕಾಣುವುದು. ಹಳೆಯ ಪದ್ಧತಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿಯೂ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್ ಎಂಬ ಹೆಸರಿನಿಂದ ಇಂಥದೇ ಪಟ್ಟಿಯುಂಟು. ಅದರಲ್ಲಿ ಹೆಸರಿನ ಪಕ್ಕದಲ್ಲಿ ಅದನ್ನು ಮಾಡಿದವರು ಯಾರು, ಯಾವ ದಿನ ಒಳಗೆ ಬಂದಿತು, ಎಷ್ಟು ಸ್ಥಳ ಹಿಡಿದಿದೆ ಎಂಬ ವಿವರಗಳಿರುವವು. ನಮ್ಮ ಪಟ್ಟಿಯಲ್ಲಿ 70ಕ್ಕೆ ಮಿಕ್ಕಿ ಹೆಸರುಗಳಿದ್ದವು. ನಮಗೆ ಗುರುತಿದ್ದುವು ಹತ್ತು ಹನ್ನೆರಡು ಮಾತ್ರ.

ಮೊದಮೊದಲು ಕೆಲಸ ಸುಗಮವಾಗಿಯೇ ನಡೆಯಿತು. ಯಂತ್ರದೊಡನೆ ಪರೀಕ್ಷಾರ್ಥವಾಗಿ ಬಂದು, ಅವಧಿ ಮುಗಿದ ಮೇಲೆ ಹಣಕ್ಕಾಗಿ ಪೀಡಿಸುತ್ತಿದ್ದ ವೈರಸ್ ನಿವಾರಕವನ್ನು ತೆಗೆದೆವು. ಅದನ್ನು ತೆಗೆದರೆ ವಿಂಡೋಸಿನೊಳಗೇ ಇರುವ ರಕ್ಷಣೆಯು ಆ ಕೆಲಸವನ್ನು ವಹಿಸಿಕೊಳ್ಳುವುದು. ಎಂದೋ ಮಾರಿಹೋದ ಪ್ರಿಂಟರಿನ ಪ್ರೋಗ್ರಾಮು, ಯಾರೂ ಆಡದ ಆಟಗಳು, ಇಂಟರ್‌ನೆಟ್ಟಿನಿಂದ ಏನನ್ನೋ ಇಳಿಸಿಕೊಳ್ಳುವಾಗ ಕೇಳದೆಯೇ ಸೆರಗು ಹಿಡಿದು ಬಂದ ಒಂದೆರಡು ಹುಡುಕುಪಟ್ಟಿಗಳು, ಇವೆಲ್ಲ ಹೊರಟುಹೋದವು. ಫ್ಲ್ಯಾಶ್ ಪ್ಲೇಯರ್ ಎಂಬುದೂ ಇತ್ತು. ಅದರ ತಯಾರಕರು 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಕೊನೆಹೇಳಿದ್ದರಿಂದ ಅದನ್ನು ಇಟ್ಟುಕೊಂಡಿರುವುದು ಅಪಾಯವೇ ಹೊರತು ಪ್ರಯೋಜನವಲ್ಲ, ಅದನ್ನೂ ತೆಗೆದೆವು.

ಆಗ ಒಂದೇ ಮನೆತನದ ಎಂಟು ಹತ್ತು ಹೆಸರುಗಳು ಕಣ್ಣಿಗೆ ಬಿದ್ದವು. ವಿಷುಯಲ್ ಸಿ ಪ್ಲಸ್ ಪ್ಲಸ್ ಎಂದು ಮೊದಲಾಗಿ, ಬಾಲದಲ್ಲಿ 2008, 2010, 2013 ಎಂಬ ಇಸವಿಗಳು. “ಇಷ್ಟೊಂದು ಏತಕ್ಕೆ? ಹೊಸದೊಂದನ್ನು ಉಳಿಸಿ ಮಿಕ್ಕವನ್ನು ತೆಗೆಯೋಣ” ಎಂದರು ಹೊಸಪೇಟೆಯ ಅಕ್ಕನವರು. ಹಂಪಿಯ ತಂಗಿ ಅವರ ಕೈ ಹಿಡಿದಳು.

“ಬೇಡ ಅಕ್ಕಾ. ನಮ್ಮೂರಿನ ಮೆಟ್ಟಿಲುಗಳ ಪುಷ್ಕರಣಿಯನ್ನು ನೀವು ನೋಡಿಲ್ಲವೇ? ಅದರ ಕಲ್ಲುಗಳ ಮೇಲೆ ಅಲ್ಲಲ್ಲಿ ಸಣ್ಣ ಅಕ್ಷರ, ಗೀಟುಗಳಿವೆ. ನೋಡುವವರಿಗೆ ಯಾರೋ ಗೀಚಿದಂತೆ ತೋರುತ್ತದೆ. ಆದರೆ ಈ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಎಷ್ಟನೆಯ ಸ್ಥಾನಕ್ಕೆ ಸೇರತಕ್ಕದ್ದೆಂದು ಕಲ್ಲುಕುಟಿಗರು ಹಾಕಿದ ಗುರುತು ಅದು. ನಮಗೆ ಓದಲು ಬಾರದ ಮಾತ್ರಕ್ಕೆ ಅರ್ಥವಿಲ್ಲವೆಂದಾದೀತೇ?”

ಅವಳ ಮಾತಿಗೆ ಒಪ್ಪಿ, ತಿಳಿದವರಿಂದ ವಿಚಾರಿಸಿದೆವು. ಅವು ತಮ್ಮಷ್ಟಕ್ಕೆ ತಾವು ಯಾವ ಕೆಲಸವನ್ನೂ ಮಾಡತಕ್ಕವಲ್ಲ. ಬೇರೆ ಪ್ರೋಗ್ರಾಮುಗಳು ನಿಂತಿರುವ ಅಡಿಗಲ್ಲುಗಳು. ಒಂದೊಂದು ಪ್ರೋಗ್ರಾಮು ಒಂದೊಂದು ಇಸವಿಯದನ್ನು ನೆಚ್ಚಿಕೊಂಡಿರಬಹುದು. ಆದಕಾರಣ ಅವನ್ನು ಮುಟ್ಟದಿರುವುದೇ ಲೇಸು ಎಂದು ತಿಳಿಯಿತು. ಗುರುತಿಲ್ಲದವುಗಳನ್ನು ಹೀಗೆ ಕಾಪಾಡಿದೆವೆಂದು ನಮಗೆ ನಾವೇ ಮೆಚ್ಚಿಕೊಂಡೆವು.

ಆ ಮೆಚ್ಚುಗೆಯಲ್ಲಿಯೇ ತಪ್ಪು ನಡೆಯಿತು. ಪಟ್ಟಿಯ ನಡುವೆ ನುಡಿ ಎಂಬ ಹೆಸರಿತ್ತು. ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ, ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ಬಹುಕಾಲ ಬಳಕೆಯಾದ ಕನ್ನಡ ಬರೆಯುವ ಪ್ರೋಗ್ರಾಮು ಅದು. ನಾಲ್ವರಿಗೂ ಅದರ ಪರಿಚಯವಿತ್ತು. “ಈಗ ಫೋನಿನಲ್ಲಿಯೇ ಕನ್ನಡ ಬರೆಯುತ್ತೇವೆ, ವಿಂಡೋಸಿಗೂ ಕನ್ನಡ ಬರುತ್ತದೆ, ಈ ಹಳೆಯದು ಏಕೆ?” ಎಂದುಕೊಂಡು ಅದನ್ನೂ ಅದರ ಅಕ್ಷರಗಳನ್ನೂ ಅಳಿಸಿಬಿಟ್ಟೆವು. ಈ ಸಾರಿ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ.

ಸಂಜೆಗೆ ಹಾಸ್ಟೆಲಿನ ದಾಖಲೆಯನ್ನು ತೆರೆದೆವು. ಈಗ ದೇವರ ಸನ್ನಿಧಿಯನ್ನು ಸೇರಿರುವ ನಮ್ಮ ಮೇಟ್ರನ್ ಅಮ್ಮನವರು 2003ರಿಂದ 2011ರವರೆಗೆ ತಮ್ಮ ಕೈಯಿಂದಲೇ ಬೆರಳಚ್ಚು ಮಾಡಿಟ್ಟ ದಾಖಲೆ ಅದು. ಒಬ್ಬೊಬ್ಬ ಹುಡುಗಿಯ ಹೆಸರು, ಊರು, ಕರೆತಂದವರು, ಬಂದ ದಿನದ ಕಾಯಿಲೆ, ಬಿಟ್ಟುಹೋದ ದಿನದ ಮಾತು ಎಲ್ಲವನ್ನೂ ಅದರಲ್ಲಿ ಬರೆದಿದ್ದರು. ತೆರೆದು ನೋಡಿದರೆ ಒಂದು ಕನ್ನಡ ಅಕ್ಷರವೂ ಇಲ್ಲ. ಪುಟ ಪುಟವೂ ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು.

ನಾವು ಬೆವತುಹೋದೆವು. ಏತಕ್ಕೆಂದರೆ, ಅದಕ್ಕೆ ಒಂದು ವಾರದ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೆ ಪತ್ರ ಬರೆದಿದ್ದಳು. ತಾಯಿತಂದೆಗಳನ್ನರಿಯದೆ ಚಿಕ್ಕಂದಿನಲ್ಲಿಯೇ ಹಾಸ್ಟೆಲು ಸೇರಿದವಳು ಅವಳು. “ನನ್ನನ್ನು ಯಾರು ಕರೆತಂದು ಬಿಟ್ಟರು, ಏನು ಹೇಳಿ ಹೋದರು ಎಂಬುದನ್ನು ಅಮ್ಮನವರು ಬರೆದಿಟ್ಟಿದ್ದೇನೆಂದು ಹೇಳುತ್ತಿದ್ದರು. ಆಗ ಕೇಳಲು ಧೈರ್ಯವಾಗಲಿಲ್ಲ. ಈಗ ನನಗೂ ಮಗಳಿದ್ದಾಳೆ. ಹಬ್ಬಕ್ಕೆ ಬಂದಾಗ ಆ ಪುಟವನ್ನು ಓದಬೇಕು” ಎಂದು ಕೇಳಿಕೊಂಡಿದ್ದಳು. ಆ ಪುಟದ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ.

ಕಂಪ್ಲಿಯ ಅಕ್ಕನವರ ತಮ್ಮನಿಗೆ ಡಿ.ಟಿ.ಪಿ. ಅಂಗಡಿಯುಂಟು. ರಾತ್ರಿಯೇ ಅವನಿಗೆ ಫೋನು ಮಾಡಿದೆವು. ಅವನು ನಕ್ಕು, “ಅಕ್ಕಾ, ಅಕ್ಷರ ಹೋಗಿಲ್ಲ, ಅದರ ಉಡುಗೆ ಹೋಗಿದೆ. ಇನ್ನು ಏನನ್ನೂ ಮುಟ್ಟಬೇಡಿರಿ, ಆ ಕಡತವನ್ನು ಉಳಿಸಲೂಬೇಡಿರಿ, ಹಾಗೆಯೇ ಮುಚ್ಚಿಬಿಡಿರಿ” ಎಂದನು. ಮಾರನೆಯ ದಿನ ಬಂದು ವಿವರಿಸಿದನು. ಯಂತ್ರದೊಳಗೆ ಅಕ್ಷರವೆಂಬುದು ಒಂದು ಅಂಕೆ. ಹಳೆಯ ಏರ್ಪಾಡಿನಲ್ಲಿ ಇಂಗ್ಲಿಷಿಗೆ ಗೊತ್ತಾಗಿದ್ದ ಅಂಕೆಗಳಿಗೇ ಕನ್ನಡದ ರೂಪವನ್ನು ತೊಡಿಸುತ್ತಿದ್ದರು. ಆ ಉಡುಗೆಯನ್ನು ಕಳಚಿದರೆ ಒಳಗಿನ ಇಂಗ್ಲಿಷು ಹೊರಬೀಳುವುದು. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಏರ್ಪಾಡಿನಲ್ಲಾದರೋ ಕನ್ನಡಕ್ಕೆ ತನ್ನದೇ ಆದ 128 ಮನೆಗಳ ಓಣಿಯುಂಟು. ಇಂದು ಫೋನುಗಳಲ್ಲಿ ನಾವು ಬರೆಯುವುದು ಅದರಲ್ಲಿಯೇ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಯೂನಿಕೋಡ್ ಕನ್ನಡಕ್ಕಾಗಿ ಬಂದ ಅಕ್ಷರಗಳಿಗೆ ತುಂಗಾ ಎಂದೇ ಹೆಸರು. ಆದರೆ ಅದಕ್ಕೆ ಮುಂಚೆಯೂ ಅನಂತರ ಬಹುಕಾಲವೂ ಕಚೇರಿಗಳಲ್ಲಿಯೂ ಅಚ್ಚುಕೂಟಗಳಲ್ಲಿಯೂ ಬರೆದುದೆಲ್ಲ ಹಳೆಯ ಏರ್ಪಾಡಿನಲ್ಲಿಯೇ ಇದೆ. ಪುಟ ಕಟ್ಟಲು ಬಳಸುವ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದಾದುದರಿಂದ ಅವನ ಅಂಗಡಿಯಲ್ಲಿ ನುಡಿ ಇನ್ನೂ ದುಡಿಯುತ್ತಿತ್ತು. ಅದನ್ನು ತಂದು ಮತ್ತೆ ನೆಲೆಗೊಳಿಸಿದನು. ಕಡತವನ್ನು ತೆರೆದೊಡನೆ ಅಮ್ಮನವರ ಕನ್ನಡ ಒಂದಕ್ಷರವೂ ಕೆಡದೆ ಎದ್ದು ನಿಂತಿತು. ನಾವು ಕಣ್ಣೊರೆಸಿಕೊಂಡು ದೇವರಿಗೆ ಸ್ತೋತ್ರ ಹೇಳಿದೆವು.

ಆಗ ಕಂಪ್ಲಿಯ ಅಕ್ಕನವರು ಹೇಳಿದ ಮಾತು ನೆನಪಿನಲ್ಲಿಡತಕ್ಕದ್ದು. ಅವರದು ಭತ್ತದ ಗದ್ದೆಗಳ ನಡುವೆ ಬೆಳೆದ ಜೀವ. “ಗದ್ದೆಯಲ್ಲಿ ಭತ್ತದಂತೆಯೇ ಬೆಳೆಯುವ ಹುಲ್ಲೊಂದಿದೆ. ತೆನೆ ಬರುವ ತನಕ ಹೊಸಬರಿಗೆ ಗೊತ್ತಾಗದು. ನಮ್ಮ ಕೂಲಿಯ ಹೆಣ್ಣುಮಕ್ಕಳು ಎಲೆಯು ಕಾಂಡವನ್ನು ಸೇರುವ ಸಂದಿನಲ್ಲಿ ನೋಡುತ್ತಾರೆ. ಭತ್ತಕ್ಕೆ ಅಲ್ಲಿ ತೆಳ್ಳನೆಯ ಪೊರೆಯಂಥ ನಾಲಗೆಯಿರುತ್ತದೆ. ಆ ಹುಲ್ಲಿಗೆ ಇರುವುದಿಲ್ಲ. ನೋಡಿಯೇ ಕೀಳುತ್ತಾರೆ. ನಾವು ನೋಡದೆ ಕಿತ್ತೆವು” ಎಂದರು. ನಾವು ಶಾಲೆಯಲ್ಲಿ ಕಂಠಪಾಠ ಮಾಡಿದ ಗೋದಿಯ ಮತ್ತು ಹಣಜಿಯ ಸಾಮ್ಯವು ಎಲ್ಲರ ನೆನಪಿಗೂ ಬಂದಿತು. ಹಣಜಿಯನ್ನು ಆರಿಸುವ ಆತುರದಲ್ಲಿ ಗೋದಿಯೂ ಕಿತ್ತುಬಂದೀತೆಂದು ಆ ಯಜಮಾನನು ಆಳುಗಳನ್ನು ತಡೆದನಷ್ಟೆ.

ಹಾಗೆಂದು ಎಲ್ಲವನ್ನೂ ಬೆಳೆಯಲು ಬಿಡಬೇಕೆಂದು ನಾವು ಹೇಳುವುದಿಲ್ಲ. ಪೋಷಕರು ಇದನ್ನು ಲಕ್ಷ್ಯವಿಟ್ಟು ಓದಬೇಕೆಂದು ಬೇಡುತ್ತೇವೆ. ಸಂಡೂರಿನ ತಂಗಿಯ ತಂದೆಯವರಿಗೆ ಒಮ್ಮೆ ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ಫೋನು ಮಾಡಿದರು. ಖಾತೆಯನ್ನು ಸರಿಪಡಿಸುವೆವೆಂದು ನಂಬಿಸಿ, ದೂರದಿಂದಲೇ ಯಂತ್ರವನ್ನು ನಡೆಸಬಲ್ಲ ಪ್ರೋಗ್ರಾಮೊಂದನ್ನು ಅವರ ಕೈಯಿಂದಲೇ ಹಾಕಿಸಿದರು. ತಂಗಿಯು ಮನೆಗೆ ಬಂದು ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡಿದಾಗ ಅಂದಿನ ತಾರೀಖಿನ ಒಂದೇ ಹೆಸರು ಎಲ್ಲಕ್ಕೂ ಮೇಲೆ ನಿಂತಿತ್ತು. ಅಂಥ ಪ್ರೋಗ್ರಾಮುಗಳು ಸ್ವತಃ ಕೆಟ್ಟವಲ್ಲ. ಕಚೇರಿಗಳಲ್ಲಿ ನಿತ್ಯವೂ ಬಳಸುತ್ತಾರೆ. ಆದರೆ ಕರೆಯದೆ ಬಂದವನ ಕೈಗೆ ಮನೆಯ ಬೀಗದಕೈ ಕೊಟ್ಟಂತಾಗುವುದು. ಇಂಥ ಮೋಸದ ವಿಷಯವಾಗಿ ರಿಸರ್ವ್ ಬ್ಯಾಂಕು 2019ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ತಂಗಿಯು ಮೊದಲು ಇಂಟರ್‌ನೆಟ್ಟಿನ ಸಂಪರ್ಕವನ್ನು ಕಡಿದಳು. ತರುವಾಯ ಬ್ಯಾಂಕಿಗೆ ತಿಳಿಸಿದಳು. ಬೇರೊಂದು ಯಂತ್ರದಿಂದ ಗುಪ್ತಪದಗಳನ್ನು ಬದಲಿಸಿದಳು. ಆಮೇಲೆ ಆ ಪ್ರೋಗ್ರಾಮನ್ನು ತೆಗೆದಳು. ಹಣ ಉಳಿಯಿತು. ಹಣ ಹೋದ ಪಕ್ಷದಲ್ಲಿ 1930 ಎಂಬ ಸಂಖ್ಯೆಗೆ ತಡಮಾಡದೆ ತಿಳಿಸಬೇಕು.

ನಾವು ಈಗ ಅನುಸರಿಸುವ ಕ್ರಮ ಹೀಗಿದೆ. ಮೊದಲು ಕಡತಗಳ ಪ್ರತಿಯೊಂದನ್ನು ಯಂತ್ರದ ಹೊರಗೆ ತೆಗೆದಿರಿಸುವುದು. ವಿಂಡೋಸಿನಲ್ಲಿ ರಿಸ್ಟೋರ್ ಪಾಯಿಂಟ್ ಎಂಬುದನ್ನು ಮಾಡಿಟ್ಟುಕೊಳ್ಳಬಹುದಾದರೂ ಅದು ನಮ್ಮ ಬರಹಗಳನ್ನು ಕಾಯುವುದಿಲ್ಲ. ಅನಂತರ ಮಾಡಿದವರ ಹೆಸರನ್ನೂ ಬಂದ ದಿನವನ್ನೂ ನೋಡುವುದು. ಯಂತ್ರ ನಿಧಾನವೆಂಬುದಷ್ಟೇ ದೂರಾದರೆ ಏನನ್ನೂ ಅಳಿಸದೆ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಎಂಬಲ್ಲಿ ಯಂತ್ರದೊಡನೆ ತಾನಾಗಿ ಏಳುವವುಗಳನ್ನು ಮಲಗಿಸಿ ನೋಡುವುದು. ಬೇಕೆಂದಾಗ ಮತ್ತೆ ಎಬ್ಬಿಸಬಹುದು. ತೆಗೆಯಲೇಬೇಕಾದುದನ್ನು ಅನ್‌ಇನ್‌ಸ್ಟಾಲ್ ಎಂಬುದರಿಂದಲೇ ತೆಗೆಯುವುದು. ತೆರೆಯ ಮೇಲಿನ ಚಿತ್ರವನ್ನು ಅಳಿಸಿದರೆ ಬಾಗಿಲಿನ ಫಲಕವನ್ನು ಕಿತ್ತಂತಾಯಿತೇ ಹೊರತು ಒಕ್ಕಲು ಎದ್ದಂತಾಗಲಿಲ್ಲ. ಒಂದು ಸಾರಿಗೆ ಒಂದನ್ನೇ ತೆಗೆದು, ಒಂದೆರಡು ದಿನ ಕೆಲಸ ಮಾಡಿ ನೋಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಯಾರು ಬಳಸುತ್ತಿದ್ದರು ಎಂದು ಮನೆಯವರೆಲ್ಲರನ್ನೂ ಕೇಳುವುದು. ಬಳಸಿದವರು ತೀರಿಹೋಗಿದ್ದರೆ ಅವರ ಕಡತಗಳನ್ನು ತೆರೆದು ಕೇಳುವುದು.

ಅಮ್ಮನವರ ದಾಖಲೆಯನ್ನು ಆ ತಮ್ಮನೇ ಯೂನಿಕೋಡಿಗೆ ಮಾರ್ಪಡಿಸಿಕೊಟ್ಟನು. ಮೂಲದೊಡನೆ ಇಟ್ಟು ಸಾಲುಸಾಲಾಗಿ ಓದಿ ತಿದ್ದಿದೆವು. ಒತ್ತಕ್ಷರಗಳು ಕೆಲವೆಡೆ ಸ್ಥಾನ ತಪ್ಪಿದ್ದವು. ಮೂಲವನ್ನೂ ಕಾಪಾಡಿದ್ದೇವೆ. ಎಲ್ಲವನ್ನೂ ಕಾಗದದ ಮೇಲೆ ಅಚ್ಚುಮಾಡಿ ಶಾಲೆಯ ಬೀರುವಿನಲ್ಲಿ ಇರಿಸಿದ್ದೇವೆ. ನುಡಿಯು ಪಟ್ಟಿಯಲ್ಲಿ ತನ್ನ ಸ್ಥಾನದಲ್ಲಿಯೇ ಇದೆ.

ಪತ್ರ ಬರೆದ ಸಹೋದರಿಯ ಪುಟವನ್ನು ತಿದ್ದುವ ಸರದಿ ಬಂದಾಗ ನಾವು ಅದನ್ನು ಓದಲಿಲ್ಲ. ಮೂಲದ ಪ್ರತಿಯನ್ನೇ ಅಚ್ಚುಮಾಡಿ ಲಕೋಟೆಯಲ್ಲಿಟ್ಟು ಅಂಟಿಸಿದ್ದೇವೆ. ಹಬ್ಬದ ದಿನ ಅವಳು ಮಗಳೊಡನೆ ಬಂದಾಗ ಅದನ್ನು ಅವಳ ಕೈಗೆ ಕೊಡುವೆವು. ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಅವಳೇ ನಿರ್ಣಯಿಸತಕ್ಕವಳು.